ಎಂ4, ಸಿಎಲ್‌ಇ 53, 911: ಚಂದಕ್ಕಾಗಿಯೇ ಕೂಪೆ ಕೊಳ್ಳುವುದಾದರೆ ಯಾವುದು?

ಮಾಟುಂಗದಲ್ಲಿ ಹೋಟೆಲ್ ನಡೆಸುವ ಅಣ್ಣ ಒಬ್ಬರಿದ್ದಾರೆ. ಉಡುಪಿ ಕಡೆಯವರು. ನಾನು ಮುಂಬಯಿಗೆ ಬಂದ ಹೊಸದರಲ್ಲಿ ಊಟ ಹಾಕಿದವರು. ಈಚೆಗೆ ಒಂದು ದಿನ ಗಲ್ಲಾದ ಹತ್ತಿರ ಕೂರಿಸಿಕೊಂಡು ಹೇಳಿದರು: "ಎರಡು ಬಾಗಿಲಿನ ಕಾರು ತೆಗೀಬೇಕು ಅಂತ ಉಂಟು ಮಾರಾಯ. ಎಷ್ಟು ಸ್ಪೀಡ್ ಹೋಗ್ತದೆ ಅಂತೆಲ್ಲ ನನಗೆ ಬೇಡ. ಇಳಿದು ನಾಲ್ಕು ಹೆಜ್ಜೆ ಹೋದ ಮೇಲೆ ಇನ್ನೊಮ್ಮೆ ತಿರುಗಿ ನೋಡುವ ಅನಿಸ್ಬೇಕು. ಅಂಥದ್ದು ಯಾವುದು, ಹೇಳು."

ನನ್ನನ್ನೇ ಕೇಳಿದ್ದಕ್ಕೆ ಕಾರಣ ಇದೆ. 20 ವರ್ಷದಿಂದ ಕುರ್ಲಾದಲ್ಲಿ ಡೆಂಟಿಂಗ್-ಪೇಂಟಿಂಗ್ ಕೆಲಸ ನನ್ನದು. ಇಂಜಿನ್ ಬಗ್ಗೆ ನನಗಿಂತ ತಿಳಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಬಾನೆಟ್ಟು, ಬಾಗಿಲು, ಮಡ್‌ಗಾರ್ಡ್ ಎಲ್ಲಿ ಉಬ್ಬುತ್ತದೆ, ಎಲ್ಲಿ ಇಳಿಯುತ್ತದೆ ಅನ್ನುವುದು ನನಗೆ ಅಂಗೈಯಿಂದ ಗೊತ್ತು. ಅದೂ ಅಲ್ಲದೆ ಭಾನುವಾರ ಬೆಳಿಗ್ಗೆ ಮರೀನ್ ಡ್ರೈವ್ ಕಡೆ ಕಾರು ನೋಡಲು ಹೋಗುವ ಕನ್ನಡದವರ ಒಂದು ಸಣ್ಣ ಗುಂಪು ನಮ್ಮದು. ಧಾರವಾಡದಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾಗಿ ಈಗ ಮಗನ ಜೊತೆ ಮುಲುಂಡಿನಲ್ಲಿರುವ ಮೇಷ್ಟ್ರು, ಥಾಣೆಯ ಒಬ್ಬ ಬ್ಯಾಂಕ್ ಅಧಿಕಾರಿ, ಡಿಸೈನ್ ಓದುತ್ತಿರುವ ಡೊಂಬಿವಲಿಯ ಹುಡುಗಿ. ಎಲ್ಲರೂ ಸೇರಿ ಎರಡು ತಿಂಗಳು ಇದೇ ಮಾತಾಡಿದೆವು. ಒಮ್ಮೆಯೂ ಎಲ್ಲರ ಅಭಿಪ್ರಾಯ ಒಂದಾಗಲಿಲ್ಲ. ಆ ಮಾತುಗಳನ್ನು, ಕೊನೆಗೆ ನಾನು ಅಣ್ಣನಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇರೆಯವರಿಗೂ ಉಪಯೋಗ ಆದೀತು.

ಮೂರು ಕಾರು ಪಟ್ಟಿಯಲ್ಲಿ ಉಳಿದವು. ಮರ್ಸಿಡಿಸ್-ಎಎಂಜಿ (ಎಎಂಜಿ ಅಂದರೆ ಮರ್ಸಿಡಿಸ್‌ನ ವೇಗದ ಕಾರುಗಳ ವಿಭಾಗ) ಸಿಎಲ್‌ಇ 53 ಕೂಪೆ ಇಲ್ಲಿಗೆ ಬಂದದ್ದು 2025ರ ಆಗಸ್ಟ್‌ನಲ್ಲಿ, 1.35 ಕೋಟಿಗೆ. ಬಿಎಂಡಬ್ಲ್ಯು ಎಂ4 ಕಾಂಪಿಟಿಷನ್ 2024ರ ಮೇನಲ್ಲಿ ಹೊಸ ದೀಪಗಳೊಂದಿಗೆ ಬಂತು, 1.53 ಕೋಟಿ. ಪೋರ್ಶೆ 911 ಕ್ಯಾರೆರಾದ ಈಗಿನ ರೂಪಕ್ಕೆ 2024ರಲ್ಲಿ ಹೇಳಿದ ಬೆಲೆ 1.99 ಕೋಟಿ. ಇವೆಲ್ಲ ಬಿಡುಗಡೆ ಹೊತ್ತಿನ ಎಕ್ಸ್-ಶೋರೂಂ ಬೆಲೆಗಳು. ಆಮೇಲೆ ಜಿಎಸ್‌ಟಿಯೂ ಬದಲಾಗಿದೆ, ಆದ್ದರಿಂದ ಇವತ್ತಿನ ಲೆಕ್ಕ ಶೋರೂಮಿನಲ್ಲೇ ಕೇಳಿ. ರಸ್ತೆ ತೆರಿಗೆ, ಇನ್ಶೂರೆನ್ಸ್ ಬೇರೆ. ಕಂಪನಿ ಹೆಸರಿನಲ್ಲಿ ತೆಗೆದರೆ ನಮ್ಮ ಮಹಾರಾಷ್ಟ್ರದಲ್ಲಿ ತೆರಿಗೆ ಇನ್ನೂ ಜಾಸ್ತಿ.

ಕೂಪೆ ಅಂದರೆ

ಫ್ರೆಂಚಿನಲ್ಲಿ 'ಕತ್ತರಿಸಿದ್ದು' ಅಂತ ಅರ್ಥ. ಕುದುರೆ ಗಾಡಿಯ ಕಾಲದ ಮಾತು ಅದು. ಉದ್ದದ ಗಾಡಿಯಲ್ಲಿ ಒಂದು ಸಾಲು ಸೀಟು ತೆಗೆದು ಮೋಟು ಮಾಡಿದರೆ ಕೂಪೆ. ಈಗ ಟಾಟಾ ಕರ್ವ್, ಸಿಟ್ರೊಯೆನ್ ಬಸಾಲ್ಟ್ ತರದ ಎತ್ತರದ ಗಾಡಿಗಳಿಗೂ ಹಿಂದೆ ಛಾವಣಿ ಇಳಿಸಿ ಕೂಪೆ ಅಂತ ಹೆಸರಿಟ್ಟಿದ್ದಾರೆ. ಇರಲಿ, ಅವು ಒಳ್ಳೆಯ ಗಾಡಿಗಳೇ. ಆದರೆ ಅಣ್ಣ ಕೇಳಿದ್ದು ನೆಲಕ್ಕೆ ಹತ್ತಿರ ಕೂತ, ಎರಡೇ ಬಾಗಿಲಿನ ಕಾರು.

ನಮ್ಮ ಕಣ್ಣು ಎಲ್ಲಿ ಪಳಗಿದೆ ಅನ್ನುವುದನ್ನೂ ನೆನಪಿಡಬೇಕು. ಮುಂಬಯಿಯವರ ಕಣ್ಣು ಪಳಗಿದ್ದು ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ ನೋಡಿ. ಕೊನೆಯ ಪದ್ಮಿನಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರ್‌ನಲ್ಲಿ. ಸಪೂರ ಕಂಬ, ದೊಡ್ಡ ಗಾಜು, ಗುಂಡು ದೀಪ. ಅದಕ್ಕೇ ಇರಬೇಕು, ನಮ್ಮ ಗುಂಪಿನಲ್ಲಿ 50 ದಾಟಿದವರೆಲ್ಲ ಮೊದಲು ಕಾರಿನ ಮುಖ ನೋಡುತ್ತಾರೆ. ಅಲ್ಲೇ ಎಡವುತ್ತಾರೆ ಅಂತ ನನ್ನ ಅನಿಸಿಕೆ.

ಮೊದಲು ಬದಿಯಿಂದ ನೋಡಿ

ಗ್ಯಾರೇಜಿನಲ್ಲಿ ಡೆಂಟ್ ತೆಗೆದ ಮೇಲೆ ಕೆಲಸ ಸರಿಯಾಗಿದೆಯಾ ಅಂತ ನಾವು ನೋಡುವುದು ಟ್ಯೂಬ್‌ಲೈಟಿನ ಪ್ರತಿಬಿಂಬದಲ್ಲಿ. ಮೇಲಿನ ಟ್ಯೂಬ್‌ಲೈಟ್ ಬಾಗಿಲ ಮೇಲೆ ಒಂದು ಬಿಳಿ ಗೆರೆಯಾಗಿ ಬೀಳುತ್ತದೆ. ಕಾರಿನ ಉದ್ದಕ್ಕೆ ನಿಧಾನಕ್ಕೆ ನಡೆದರೆ ಆ ಗೆರೆ ನಮ್ಮ ಜೊತೆ ಹರಿಯಬೇಕು. ಎಲ್ಲಾದರೂ ತಡವರಿಸಿದರೆ ಅಲ್ಲಿ ತಗಡು ಏರುಪೇರಾಗಿದೆ ಅಂತಲೇ ಅರ್ಥ. ಹೊಸ ಕಾರಿನ ಡಿಸೈನ್ ನೋಡಲೂ ಇದೇ ಒಳ್ಳೆಯ ದಾರಿ. ಫೋಟೋದಲ್ಲಿ ಗೊತ್ತಾಗುವುದಿಲ್ಲ.

ಮುಂಬಯಿಯಲ್ಲಿ ಇದಕ್ಕೆ ದೊಡ್ಡ ಅನುಕೂಲ ಒಂದಿದೆ. ಕೋಸ್ಟಲ್ ರೋಡಿನ ಸುರಂಗ. ಮಲಬಾರ್ ಹಿಲ್ ಕೆಳಗೆ 2.07 ಕಿ.ಮೀ., ಗಿರ್‌ಗಾಂವ್ ಚೌಪಾಟಿ ಕಡೆಯಿಂದ ಪ್ರಿಯದರ್ಶಿನಿ ಪಾರ್ಕಿನವರೆಗೆ. ಮೇಲೆ ಉದ್ದಕ್ಕೂ ದೀಪ. ಒಂದು ಭಾನುವಾರ ಅಣ್ಣನ ಸ್ನೇಹಿತರ ಎಂ4 ಹಿಂದೆ ನನ್ನ ಹಳೆಯ ಕಾರಿನಲ್ಲಿ ಹೋದೆವು. ಸುರಂಗದಲ್ಲಿ 60ರ ಮಿತಿ, ಹಾಗಾಗಿ ಆರಾಮಾಗಿ ನೋಡಬಹುದು. ದೀಪಗಳು ಒಂದೊಂದಾಗಿ ಅದರ ಛಾವಣಿ ಮೇಲಿಂದ ಹಿಂದಿನ ಗಾಜಿಗೆ, ಅಲ್ಲಿಂದ ಡಿಕ್ಕಿಗೆ ಇಳಿದು, ಎರಡೂ ಬದಿಯ ಸೊಂಟದ ಹತ್ತಿರ ಅಗಲವಾಗಿ ಹರಡಿಕೊಂಡು ಹೋಗುತ್ತಿದ್ದವು. ಹಿಂದಿನ ಸೀಟಿನಲ್ಲಿ ಕೂತಿದ್ದ ಮೇಷ್ಟ್ರು ಮಾತೇ ಆಡಲಿಲ್ಲ. ಸುರಂಗ ಮುಗಿದ ಮೇಲೆ "ಮುಖಾ ನೋಡಿ ಬೈದಿದ್ದೆ ರೀ ನಾನು ಈ ಗಾಡಿಗೆ. ಹಿಂದಿಂದ ನೋಡಿದ್ರ ಬೈಯೂದು ಹ್ಯಾಂಗ?" ಅಂದರು.

ಬದಿಯಿಂದ ನೋಡುವಾಗ ಗಮನಿಸಬೇಕಾದ್ದು ಮುಖ್ಯವಾಗಿ ಎರಡು. ಮುಂದಿನ ಚಕ್ರದಿಂದ ಬಾಗಿಲ ಅಂಚಿನವರೆಗೆ ಎಷ್ಟು ಜಾಗ ಇದೆ? ಇದು ಉದ್ದವಾಗಿದ್ದಷ್ಟೂ ಕಾರು ಠೀವಿಯಿಂದ ಕಾಣುತ್ತದೆ. ಮುಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಸಾಮಾನ್ಯ ಕಾರುಗಳಲ್ಲಿ ಈ ಜಾಗ ಗಿಡ್ಡ. ಇನ್ನೊಂದು, ಛಾವಣಿಯ ಗೆರೆ ಹಿಂದಿನ ಚಕ್ರಕ್ಕೆ ಹೇಗೆ ಇಳಿಯುತ್ತದೆ ಅನ್ನುವುದು. ಎಂ4 ಮತ್ತು ಸಿಎಲ್‌ಇ ಮೊದಲನೆಯದರಲ್ಲಿ ಗೆಲ್ಲುತ್ತವೆ. 911 ಎರಡನೆಯದರಲ್ಲಿ.

ಎಂ4: ಜಗಳ ಇರುವುದು ಮುಖದ ಬಗ್ಗೆ ಮಾತ್ರ

2020ರಲ್ಲಿ ಎಂ4ನ ಮೂಲ ಕಾರಾದ 4 ಸೀರೀಸ್‌ನ ಈ ತಲೆಮಾರು ಬಂದಾಗ ಎದ್ದ ಗಲಾಟೆ ನೆನಪಿದೆ ಅಲ್ವಾ? ಬಿಎಂಡಬ್ಲ್ಯುವಿನ ಮೂತ್ರಪಿಂಡದ ಆಕಾರದ ಜೋಡಿ ಗ್ರಿಲ್ (ಮುಂದಿನ ಜಾಲರಿ) ಅಡ್ಡಕ್ಕೆ ಇದ್ದದ್ದು ಉದ್ದಕ್ಕೆ ನಿಂತು ಬಂಪರಿನ ಕೆಳಗಿನವರೆಗೂ ಬಂತು. ನಮ್ಮ ಗುಂಪಿನಲ್ಲಿ ಬ್ಯಾಂಕಿನವರು ಇವತ್ತಿಗೂ ಒಪ್ಪಿಲ್ಲ. "ಎರಡು ಹಲ್ಲು ಮುಂದೆ ಬಂದ ಹಾಗೆ ಇದೆ" ಅನ್ನುತ್ತಾರೆ.

ಬಿಎಂಡಬ್ಲ್ಯು ಹೇಳಿದ್ದು ಇದು ಹಳೆಯ ವಂಶದ ಗುರುತು ಅಂತ. ಮಾತು ಸುಳ್ಳಲ್ಲ. 1933ರ 303 ಕಾರಿನಲ್ಲಿ ಈ ಜೋಡಿ ಗ್ರಿಲ್ ಮೊದಲು ಬಂದಾಗ ಅದು ಎತ್ತರವಾಗಿಯೇ ಇತ್ತು. 1936ರ 328ರಲ್ಲೂ ಉದ್ದಕ್ಕೇ ಇದೆ. ಆದರೆ ಆ ಕಾರುಗಳ ಮೂತಿಯೇ ಕಿರಿದು, ಬಾನೆಟ್ಟೂ ಸಪೂರ. ಅಲ್ಲಿ ಎತ್ತರದ ಗ್ರಿಲ್ ಹೊಂದುತ್ತಿತ್ತು. ಅಗಲದ ಮುಖದ ಮೇಲೆ ಅದನ್ನೇ ತಂದು ಕೂರಿಸಿದಾಗ ಕಣ್ಣಿಗೆ ಚುಚ್ಚುತ್ತದೆ. ನನಗೂ ಮೊದಲು ಚುಚ್ಚಿತು.

ಈಗ ಚುಚ್ಚುವುದಿಲ್ಲ. ಆರು ವರ್ಷದಲ್ಲಿ ಅಭ್ಯಾಸ ಆಗಿಹೋಯಿತು. 2001ರಲ್ಲಿ 7 ಸೀರೀಸ್ ಬಂದಾಗಲೂ ಹೀಗೇ ಆಗಿತ್ತು. ಆಗಿನ ಡಿಸೈನ್ ಮುಖ್ಯಸ್ಥ ಕ್ರಿಸ್ ಬ್ಯಾಂಗಲ್ ಅವರನ್ನು ಕೆಲಸದಿಂದ ತೆಗೆಯಿರಿ ಅಂತ ಇಂಟರ್ನೆಟ್ಟಿನಲ್ಲಿ ಸಹಿ ಸಂಗ್ರಹವೇ ನಡೆಯಿತು. ಅವರು 2009ರವರೆಗೂ ಅಲ್ಲೇ ಇದ್ದರು. ಆ ಎತ್ತರದ ಡಿಕ್ಕಿಯ ಕಾರು ಇವತ್ತು ಎದುರಿಗೆ ಬಂದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಮುಖದ ಗುಣವೇ ಅದು, ಒಳ್ಳೆಯದಿರಲಿ ಕೆಟ್ಟದ್ದಿರಲಿ, ನೋಡಿ ನೋಡಿ ರೂಢಿಯಾಗುತ್ತದೆ. ಅಳತೆ ತಪ್ಪಿದ ಮೈಕಟ್ಟು ಮಾತ್ರ ಎಷ್ಟು ವರ್ಷ ಆದರೂ ತಪ್ಪಾಗಿಯೇ ಕಾಣುತ್ತದೆ. ಎಂ4ನ ಮೈಕಟ್ಟಿನಲ್ಲಿ ತಪ್ಪಿಲ್ಲ. ಹಿಂದಿನ ಚಕ್ರದ ಮೇಲಿನ ಉಬ್ಬು ನಿಜವಾದದ್ದು, ಅಗಲದ ಟೈರಿಗೆ ಬೇಕಾದದ್ದು. ಛಾವಣಿ ಕಾರ್ಬನ್ ಫೈಬರಿನದು, ಹತ್ತಿರ ನಿಂತರೆ ನೇಯ್ಗೆ ಕಾಣುತ್ತದೆ. 2024ರಲ್ಲಿ ಬಂದ ಹಿಂದಿನ ದೀಪದೊಳಗೆ ಕೆಂಪು ದಾರಗಳ ಗೊಂಚಲು ಹಾಗೆ ಹೊಳೆಯುತ್ತದೆ, ಎಂ4ನದೇ ಹಗುರ ಮಾದರಿಯಾದ 2022ರ ಎಂ4 ಸಿಎಸ್‌ಎಲ್‌ನಿಂದ ಬಂದದ್ದು. ರಾತ್ರಿ ವರ್ಲಿಯಲ್ಲಿ ಸಿಗ್ನಲ್ಲಿಗೆ ನಿಂತಾಗ ಹಿಂದಿನಿಂದ ನೋಡಿ, ಕಣ್ಣು ಕೀಳಲು ಆಗುವುದಿಲ್ಲ.

ಒಂದು ದೂರು ನನಗೆ ಉಳಿದೇ ಇದೆ. ನಂಬರ್ ಪ್ಲೇಟು. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸ ಗಾಡಿಗೆಲ್ಲ ಹೈ ಸೆಕ್ಯೂರಿಟಿ ಪ್ಲೇಟ್ ಕಡ್ಡಾಯ. ಕಾರಿನದು 500 ಮಿ.ಮೀ. ಉದ್ದ, 120 ಎತ್ತರ. ಎಂ4ನಲ್ಲಿ ಅದು ಎರಡೂ ಗ್ರಿಲ್ಲುಗಳ ನಟ್ಟನಡುವೆ ಅಡ್ಡಕ್ಕೆ ಬರುತ್ತದೆ. ಡಿಸೈನ್ ಮಾಡಿದವರು ಉದ್ದಕ್ಕೆ ಎಳೆದ ಗೆರೆಯನ್ನು ಬಿಳಿ ಪಟ್ಟಿ ತುಂಡು ಮಾಡುತ್ತದೆ. ಕಂಪನಿಯ ಜಾಹೀರಾತಿನ ಫೋಟೋ ನೋಡಿ ಮನಸ್ಸು ಮಾಡಿದವರು, ಎಂಎಚ್-01 ಪ್ಲೇಟ್ ಹಾಕಿದ ಕಾರನ್ನು ಒಮ್ಮೆ ರಸ್ತೆಯಲ್ಲಿ ನೋಡಿಯೇ ನಿರ್ಧರಿಸಿ. ಕಪ್ಪು ಬಣ್ಣದ ಕಾರಾದರೆ ಗ್ರಿಲ್ ಮೈಯಲ್ಲೇ ಕರಗುತ್ತದೆ, ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಸಿಎಲ್‌ಇ 53: ಕೈಯಿಟ್ಟು ನೋಡಬೇಕಾದ ಮೈ

ಇದು ಸಿ-ಕ್ಲಾಸ್ ಕೂಪೆ, ಇ-ಕ್ಲಾಸ್ ಕೂಪೆ ಎರಡರ ಜಾಗಕ್ಕೂ 2023ರಲ್ಲಿ ಬಂದ ಕಾರು. ಉದ್ದ ಸುಮಾರು 4.85 ಮೀಟರ್. ಮೂರರಲ್ಲಿ ಎಲ್ಲಕ್ಕಿಂತ ಉದ್ದ ಇದೇ.

ಸಾದಾ ಸಿಎಲ್‌ಇಗೂ ಎಎಂಜಿಗೂ ಒಂದು ವ್ಯತ್ಯಾಸ ನನ್ನ ಕಸುಬಿನವರಿಗೆ ತಕ್ಷಣ ಕಾಣುತ್ತದೆ. ಎಎಂಜಿಯಲ್ಲಿ ಮುಂದಿನ ಮಡ್‌ಗಾರ್ಡ್ ಭಾಗ 58 ಮಿ.ಮೀ., ಹಿಂದಿನದು 75 ಮಿ.ಮೀ. ಹೆಚ್ಚು ಅಗಲ. ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ ಅಗಲ ಮಾಡಿದ್ದಲ್ಲ, ತಗಡನ್ನೇ ಹಾಗೆ ಎಳೆದಿದ್ದಾರೆ. ಶೋರೂಮಿನಲ್ಲಿ ಅಣ್ಣನಿಗೆ ಹೇಳಿದೆ: "ಕಣ್ಣು ಮುಚ್ಚಿ, ಬಾಗಿಲ ಹಿಡಿಯಿಂದ ಹಿಂದಕ್ಕೆ ಅಂಗೈ ಸವರಿಕೊಂಡು ಹೋಗಿ." ಅವರು ಹೋದರು. ಬಾಗಿಲು ಮುಗಿಯುವ ಹತ್ತಿರ ಮೈ ಸ್ವಲ್ಪ ಒಳಕ್ಕೆ ಹೋಗುತ್ತದೆ, ಆಮೇಲೆ ಚಕ್ರದ ಮೇಲೆ ದಪ್ಪಗೆ ಏರುತ್ತದೆ. ಎಲ್ಲೂ ಏಣು ಸಿಗುವುದಿಲ್ಲ. "ಇದು ರುಬ್ಬುಗುಂಡಿನ ಹಾಗೆ ಉಂಟಲ್ಲ" ಅಂದರು. ಅಷ್ಟು ಸರಿಯಾದ ಹೋಲಿಕೆ ನನಗೆ ಹೊಳೆದಿರಲಿಲ್ಲ.

ಮುಖ ಶಾಂತ. ಮೂಗು ಸ್ವಲ್ಪ ಮುಂದಕ್ಕೆ ಬಾಗಿದೆ, ಗ್ರಿಲ್ಲಿನಲ್ಲಿ ಉದ್ದನೆಯ ಕಂಬಿಗಳು. ಎಎಂಜಿ ಈ ಗ್ರಿಲ್ಲಿಗೆ ಪನಮೆರಿಕಾನ ಅನ್ನುತ್ತದೆ. 1952ರಲ್ಲಿ ಮೆಕ್ಸಿಕೊದಲ್ಲಿ ಮರ್ಸಿಡಿಸ್‌ನ 300 ಎಸ್‌ಎಲ್ ಗೆದ್ದ ರೇಸಿನ ಹೆಸರು ಅದು. ಆ ರೇಸಿನಲ್ಲಿ ಒಂದು ರಣಹದ್ದು ಗಾಜು ಒಡೆದು ಒಳಗೇ ಬಂದಿತ್ತು. ಆಮೇಲೆ ಗಾಜಿನ ಮುಂದೆ ಕಂಬಿ ಕಟ್ಟಿಕೊಂಡು ಓಡಿಸಿದರು. ಮೇಷ್ಟ್ರಿಗೆ ಈ ಕಥೆ ಹೇಳಿದ ಮೇಲೆ ಅವರು ಆ ಕಂಬಿಗಳನ್ನು ನೋಡುವ ರೀತಿಯೇ ಬದಲಾಯಿತು.

ಕೊರತೆ ಎಲ್ಲಿ ಅಂದರೆ ಪಕ್ಕದ ಗಾಜಿನಲ್ಲಿ. ಹಳೆಯ ಇ-ಕ್ಲಾಸ್ ಕೂಪೆಯಲ್ಲಿ ನಡುವೆ ಕಂಬ ಇರಲಿಲ್ಲ. ಮುಂದಿನ ಗಾಜು, ಹಿಂದಿನ ಗಾಜು ಎರಡೂ ಇಳಿಸಿದರೆ ಬದಿ ಪೂರ್ತಿ ಖಾಲಿ, ಛಾವಣಿ ಗಾಳಿಯಲ್ಲಿ ತೇಲಿದ ಹಾಗೆ. ಸಿಎಲ್‌ಇಯಲ್ಲಿ ಕಂಬ ಬಂದಿದೆ, ಹಿಂದಿನ ಗಾಜು ಇಳಿಯುವುದಿಲ್ಲ. ಡೊಂಬಿವಲಿಯ ಹುಡುಗಿಗೆ ಇದು ಸಹಿಸಲಾಗದ ಬೇಸರ. "ಕೂಪೆಯ ಜೀವವೇ ಅದು ಅಂಕಲ್, ಅದನ್ನೇ ತೆಗೆದುಬಿಟ್ಟರು" ಅಂದಳು. ಅವಳ ಮಾತು ನನಗೆ ಪೂರ್ತಿ ಸರಿ ಅನಿಸಿತು. ಹಳೆಯ ಮರ್ಸಿಡಿಸ್ ಕೂಪೆ ಇಟ್ಟುಕೊಂಡವರು ಸಿಎಲ್‌ಇ ನೋಡಿ ಪೆಚ್ಚಾಗುವುದು ಇದಕ್ಕೇ. ಹೊಸದಾಗಿ ಕೊಳ್ಳುವವರಿಗೆ ಅದು ಅಷ್ಟು ತಟ್ಟಲಿಕ್ಕಿಲ್ಲ.

ಹಿಂಭಾಗ ಸುಮಾರು. ಎರಡು ದೀಪಗಳ ನಡುವೆ ಕಪ್ಪು ಪಟ್ಟಿ, ಈಗ ಎಲ್ಲ ಕಾರಿನಲ್ಲೂ ಇರುವಂಥದ್ದು. ಒಳಗೆ 11.9 ಇಂಚಿನ ಉದ್ದನೆಯ ಸ್ಕ್ರೀನ್, ಬಣ್ಣ ಬಣ್ಣದ ದೀಪದ ಸಾಲು. ನನಗೆ ಸ್ವಲ್ಪ ಜಾಸ್ತಿ ಅನಿಸಿತು. ಅಣ್ಣನಿಗೆ ಹಿಡಿಸಿತು.

911: ಹಿಂದಿನಿಂದ ಹುಟ್ಟಿದ ರೂಪ

ಇದರ ಬಗ್ಗೆ ಬರೆಯುವಾಗ ನಾನು ತಕ್ಕಡಿ ಹಿಡಿದವನ ಹಾಗೆ ಇರಲಾರೆ. 1963ರಲ್ಲಿ ಫ್ರಾಂಕ್‌ಫರ್ಟಿನಲ್ಲಿ 901 ಅಂತ ತೋರಿಸಿದ ಕಾರು. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರು ತಮ್ಮದು ಅಂತ ಪಿಜೋ ತಕರಾರು ತೆಗೆದದ್ದಕ್ಕೆ 911 ಆಯಿತು. ಫರ್ಡಿನಾಂಡ್ ಅಲೆಕ್ಸಾಂಡರ್ ಪೋರ್ಶೆ ಎಳೆದ ಛಾವಣಿಯ ಗೆರೆ 60 ವರ್ಷ ದಾಟಿದರೂ ಹಾಗೇ ಇದೆ.

ಆ ಗೆರೆ ಹಾಗಿರಲು ಕಾರಣ ಇಂಜಿನ್. ಅದು ಹಿಂದಿನ ಚಕ್ರಕ್ಕಿಂತಲೂ ಹಿಂದೆ ಕೂತಿದೆ. ಹಾಗಾಗಿ ಮುಂದಿನ ಬಾನೆಟ್ ತಗ್ಗಿಗೆ ಇಳಿಯಬಹುದು, ಎರಡು ಬದಿಯ ದೀಪಗಳು ಅದಕ್ಕಿಂತ ಎತ್ತರದಲ್ಲಿ ನಿಲ್ಲಬಹುದು, ಛಾವಣಿ ಒಂದೇ ಉಸಿರಿಗೆ ಬಂಪರಿನವರೆಗೂ ಇಳಿಯಬಹುದು. ಉದ್ದ 4.54 ಮೀಟರ್ ಅಷ್ಟೆ. ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ 2,450 ಮಿ.ಮೀ. ಎಂ4 ಮತ್ತು ಸಿಎಲ್‌ಇಯಲ್ಲಿ ಅದು 2,860ರ ಆಸುಪಾಸು. ಪಕ್ಕಪಕ್ಕ ನಿಲ್ಲಿಸಿದರೆ 911 ಪುಟ್ಟದಾಗಿ ಕಾಣುತ್ತದೆ, ಆದರೆ ಬಡಕಲಾಗಿ ಅಲ್ಲ. ಡ್ರೈವರ್ ಸೀಟಿನಲ್ಲಿ ಕೂತರೆ ಗಾಜಿನಾಚೆ ಎರಡು ಉಬ್ಬು ಕಾಣುತ್ತವೆ. ಕಾರಿನ ರೂಪವನ್ನು ಓಡಿಸುವವನೂ ನೋಡುತ್ತಾ ಹೋಗಬಹುದಾದದ್ದು ಮೂರರಲ್ಲಿ ಇದೊಂದೇ.

ಅಭಿಮಾನಿಗಳು ಇದನ್ನೂ ಬಿಟ್ಟಿಲ್ಲ. 1997ರ 996 ಮಾದರಿಯಲ್ಲಿ ಗುಂಡು ದೀಪ ಹೋಗಿ, ಇಂಡಿಕೇಟರ್ ಅಂಟಿಕೊಂಡ ದೀಪ ಬಂತು. ಬಾಣಲೆಗೆ ಒಡೆದು ಹಾಕಿದ ಮೊಟ್ಟೆ ಅಂತ ಜನ ಕರೆದರು. 2004ರಲ್ಲಿ ಮುಂದಿನ ಮಾದರಿ ಬಂದಾಗ ಗುಂಡು ದೀಪ ವಾಪಸ್. ಅಭಿಮಾನಿಗಳ ಮಾತಿಗೆ ತೂಕ ಇದೆ ಅನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಈಗಿನದರ ದೂರು ಒಳಗಿನದು. ಇಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಮುಳ್ಳಿನ ಟ್ಯಾಕೋಮೀಟರ್ ಹೋಗಿ ಪೂರ್ತಿ ಸ್ಕ್ರೀನ್ ಆಗಿದೆ. ತಿರುಗಿಸಿ ಸ್ಟಾರ್ಟ್ ಮಾಡುವ ಪಿಡಿ ಹೋಗಿ ಬಟನ್ ಬಂದಿದೆ. ನಮ್ಮ ಬ್ಯಾಂಕಿನವರು ಇದಕ್ಕೂ ಬೇಜಾರು ಮಾಡಿಕೊಂಡರು, ಈ ಸಲ ನಾನೂ ಅವರ ಪರ. ಹಿಂದಿನ ಸೀಟು ದೊಡ್ಡವರಿಗಲ್ಲ, ಮೊಮ್ಮಕ್ಕಳಿಗೆ ಸಾಕು.

ಕೊಳ್ಳುವ ಮುಂಚೆ ಬಣ್ಣದ ಬಗ್ಗೆ

ಇದು ನನ್ನ ಕಸುಬಿನ ಮಾತು, ದಯವಿಟ್ಟು ಕೇಳಿ. ಹೊಳಪಿಲ್ಲದ ಮ್ಯಾಟ್ ಬಣ್ಣ ಶೋರೂಮಿನಲ್ಲಿ ಬಹಳ ಚಂದ. ಆದರೆ ಮ್ಯಾಟ್ ಮೇಲೆ ಗೀರು ಬಿದ್ದರೆ ಪಾಲಿಶ್ ಹಾಕಿ ತೆಗೆಯಲು ಬರುವುದಿಲ್ಲ. ಉಜ್ಜಿದರೆ ಆ ಜಾಗ ಮಿರುಗತೊಡಗುತ್ತದೆ. ಇಡೀ ಬಾಗಿಲಿಗೆ ಮತ್ತೆ ಬಣ್ಣ ಹೊಡೆಯಬೇಕು. ಅದು ಪಕ್ಕದ ಭಾಗಕ್ಕೆ ಹೊಂದುವುದು ಕಷ್ಟ. ಮುಂಬಯಿಯ ಪಾರ್ಕಿಂಗಿನಲ್ಲಿ ಗೀರು ತಪ್ಪಿಸಿಕೊಂಡವರನ್ನು ನಾನು ಕಂಡಿಲ್ಲ. ಮ್ಯಾಟ್ ಬೇಕೇ ಬೇಕು ಅಂದರೆ ಹೊಳೆಯುವ ಬಣ್ಣದ ಕಾರು ತೆಗೆದು, ಮೇಲೆ ಮ್ಯಾಟ್ ಪಿಪಿಎಫ್ (ಬಣ್ಣ ಕಾಯುವ ತೆಳು ಪ್ಲಾಸ್ಟಿಕ್ ಪದರ) ಹಾಕಿಸಿ. ನಾಳೆ ಬೇಡ ಅನಿಸಿದರೆ ತೆಗೆಯಬಹುದು.

ಬಿಳಿ ಬಣ್ಣದಲ್ಲಿ ಸಿಎಲ್‌ಇಯ ಸೊಂಟ ಮಾಯವಾಗುತ್ತದೆ. ಅದಕ್ಕೆ ನಡುಬಣ್ಣ ಬೇಕು, ಬೂದು ಅಥವಾ ಕಡು ನೀಲಿ. ಎಂ4 ಸಾವೊ ಪಾಲೊ ಹಳದಿಯಲ್ಲಿ ಗ್ರಿಲ್ಲನ್ನು ಎತ್ತಿ ತೋರಿಸುತ್ತದೆ, ಮುಖ ಇಷ್ಟ ಇದ್ದವರಿಗೆ ಮಾತ್ರ. 911 ಯಾವ ಬಣ್ಣದಲ್ಲೂ ಕೆಡುವುದಿಲ್ಲ.

ಇನ್ನೊಂದು, ಕೂಪೆಯ ಬಾಗಿಲು ಸಾಮಾನ್ಯ ಕಾರಿನದಕ್ಕಿಂತ ಉದ್ದ. ಎರಡು ಕಂಬಗಳ ನಡುವೆ ಪಾರ್ಕಿಂಗ್ ಇದ್ದವರು ಟೇಪ್ ಹಿಡಿದು ಅಳೆಯಿರಿ. ಸೊಸೈಟಿಯ ಸ್ಪೀಡ್ ಬ್ರೇಕರ್ ಎತ್ತರ ಇದ್ದರೆ 911ಕ್ಕೆ ಮುಂಭಾಗ 40 ಮಿ.ಮೀ. ಎತ್ತುವ ಲಿಫ್ಟ್ ಹಾಕಿಸಿಕೊಳ್ಳಿ. ಕೆಳಗಿನ ತುಟಿ ಉಜ್ಜಿಹೋದ ಬಂಪರ್ ಎಂಥ ಚಂದದ ಕಾರನ್ನೂ ಕೆಡಿಸುತ್ತದೆ.

ಅಣ್ಣನಿಗೆ ಹೇಳಿದ್ದು

ಎರಡು ಕೋಟಿಗೂ ಮೇಲೆ ಹಾಕಲು ಮನಸ್ಸಿದ್ದರೆ 911 ತೆಗೆಯಿರಿ, ಉಳಿದೆರಡನ್ನು ನೋಡಲೂ ಹೋಗಬೇಡಿ. ಹತ್ತು ವರ್ಷದ ಮೇಲೂ ಅದು ಹಳೆಯದಾಗಿ ಕಾಣುವುದಿಲ್ಲ. ಅಷ್ಟು ಬೇಡ ಅಂದರೆ ಸಿಎಲ್‌ಇ 53. ನಡುವೆ ಕಂಬ ಇದ್ದರೂ ಅದರ ಮೈ ಮೇಲೆ ಬೆಳಕು ಹರಿಯುವ ರೀತಿ ಎಂ4ನಲ್ಲಿಲ್ಲ. ಎಂ4 ಕಂಡ ಕೂಡಲೇ ಎದೆ ಡವಗುಟ್ಟಿದವರು ಮಾತ್ರ ಎಂ4 ತೆಗೆಯಿರಿ, ಯಾರ ಮಾತಿಗೂ ಕಿವಿಗೊಡಬೇಡಿ. "ಆಮೇಲೆ ಇಷ್ಟ ಆಗಬಹುದು" ಅಂತ ಒಂದೂವರೆ ಕೋಟಿ ಹಾಕುವುದು ಬೇಡ.

ಅಣ್ಣ ಸಿಎಲ್‌ಇ ಕಡೆ ವಾಲಿದ್ದಾರೆ. ಬೂದು ಬಣ್ಣಕ್ಕೆ ಅತ್ತಿಗೆಯ ಒಪ್ಪಿಗೆ ಇನ್ನೂ ಸಿಕ್ಕಿಲ್ಲ, ಅವರಿಗೆ ಕೆಂಪು ಬೇಕಂತೆ. ಬರುವ ಭಾನುವಾರ ಸಂಜೆ 5ರ ಮೇಲೆ ಎರಡೂ ಬಣ್ಣದ ಕಾರು ಹೊರಗೆ ನಿಲ್ಲಿಸಿ ತೋರಿಸುತ್ತೇವೆ ಅಂತ ಶೋರೂಮಿನವರು ಒಪ್ಪಿದ್ದಾರೆ. ಇಳಿಬಿಸಿಲಿನಲ್ಲಿ ಕೆಂಪೂ ಚಂದವೇ ಕಾಣುತ್ತದೆ ಅಂತ ನನಗೆ ಗೊತ್ತು. ಅತ್ತಿಗೆ ಜೊತೆ ಮೇಷ್ಟ್ರನ್ನೂ ಕರೆದುಕೊಂಡು ಹೋಗುತ್ತಿದ್ದೇನೆ.